ಮಿಲಾನ್ ಮೆಟ್ರೊ ನಾನು ಅರ್ಥ ಮಾಡಿಕೊಂಡ ಬಗೆ

ಮಿಲಾನಿಗೆ ಕೆಲಸಕ್ಕೆ ಬಂದ ಹೊಸದರಲ್ಲಿ ಮೆಟ್ರೊ ನಕ್ಷೆ ನೋಡಿದರೆ ಕಣ್ಣು ಮಂಜಾಗುತ್ತಿತ್ತು. ಐದು ಲೈನು, ನೂರಕ್ಕೂ ಜಾಸ್ತಿ ನಿಲ್ದಾಣ. ಅಷ್ಟನ್ನೂ ಬಾಯಿಪಾಠ ಮಾಡುವ ಗೋಜಿಗೆ ಹೋಗಲಿಲ್ಲ. ಮೊದಲು ಲೈನುಗಳ ತುದಿ ಕಲಿತೆ, ಆಮೇಲೆ ಕವಲು. ಅಷ್ಟರಲ್ಲೇ ಮುಕ್ಕಾಲು ಕೆಲಸ ಮುಗಿಯಿತು.

ಪ್ಲಾಟ್‌ಫಾರ್ಮಿಗೆ ಇಳಿಯುವ ಕಡೆ ಬೋರ್ಡಿನಲ್ಲಿ ಇರುವುದು ಕೊನೆಯ ನಿಲ್ದಾಣದ ಹೆಸರು. ಬೆಂಗಳೂರಲ್ಲಿ ಚಲ್ಲಘಟ್ಟ ಕಡೆ, ವೈಟ್‌ಫೀಲ್ಡ್ ಕಡೆ ಅಂತೀವಲ್ಲ, ಹಾಗೇ. ಆದರೆ ಇಲ್ಲಿ ಕೆಂಪು ಲೈನು, ಅಂದರೆ ಎಂ1, ಪಗಾನೊ ದಾಟಿದ ಮೇಲೆ ಎರಡಾಗುತ್ತದೆ. ಒಂದು ರೋ ಫಿಯೆರಾಗೆ, ಇನ್ನೊಂದು ಬಿಶೆಲ್ಯೆಗೆ. ದುವೋಮೊದಲ್ಲಿ ನಿಂತು ಕದೋರ್ನಾಗೆ ಹೋಗಬೇಕೆಂದರೆ ಈ ಎರಡರಲ್ಲಿ ಯಾವ ಕಡೆಯ ರೈಲಾದರೂ ಸರಿ, ಅದು ಕವಲಿಗಿಂತ ಮುಂಚೆಯೇ ಬರುತ್ತದೆ. ಲೊತ್ತೊಗೆ ಹೋಗಬೇಕಾದರೆ ಮಾತ್ರ ಬೋರ್ಡಿನಲ್ಲಿ ರೋ ಫಿಯೆರಾ ಅಂತ ಬರುವ ತನಕ ಕಾಯಬೇಕು. ತಪ್ಪು ಕವಲಿನ ರೈಲು ಬಂದರೂ ಗಾಬರಿ ಬೇಡ, ಹತ್ತಿ ಪಗಾನೊದಲ್ಲಿ ಇಳಿದು ಮುಂದಿನದಕ್ಕೆ ಕಾದರಾಯ್ತು. ಹಸಿರು ಎಂ2ಗೆ ಎರಡೂ ತುದಿಯಲ್ಲಿ ಕವಲಿದೆ: ದಕ್ಷಿಣಕ್ಕೆ ಫಮಗೋಸ್ತಾ ಆದಮೇಲೆ, ಈಶಾನ್ಯಕ್ಕೆ ಕಾಶಿನಾ ಗೊಬ್ಬಾ ಆದಮೇಲೆ.

ಲೈನು ಬದಲಿಸಲು ನಾಲ್ಕು ಹೆಸರು ನೆನಪಿಟ್ಟೆ. ಕೆಂಪು-ಹಸಿರು ಸೇರುವುದು ಕದೋರ್ನಾ ಮತ್ತು ಲೊರೆತೊದಲ್ಲಿ, ಕೆಂಪು-ಹಳದಿ (ಎಂ3) ದುವೋಮೊದಲ್ಲಿ, ಹಸಿರು-ಹಳದಿ ಚೆಂತ್ರಾಲೆಯಲ್ಲಿ. ಚಾಲಕರಿಲ್ಲದ ಎಂ4, ಎಂ5 ಆಮೇಲೆ ತಾವಾಗಿಯೇ ಹೊಂದಿಕೊಂಡವು. ಲಿನಾಟೆ ವಿಮಾನ ನಿಲ್ದಾಣದಿಂದ ನೀಲಿ ಎಂ4 ಹತ್ತಿದರೆ ನೇರ ಸಾನ್ ಬಾಬಿಲಾ, ಅಲ್ಲಿ ಕೆಂಪು ಲೈನು ಸಿಗುತ್ತದೆ.

ಎಂ1ರಲ್ಲಿ ಓಡಾಡುವಾಗ ಗೋಡೆ ಗಮನಿಸಿ. 1964ರಲ್ಲಿ ಈ ಲೈನು ತೆರೆದಾಗ ನಿಲ್ದಾಣಗಳ ಒಳಾಂಗಣ ಮಾಡಿದವರು ಫ್ರಾಂಕೊ ಅಲ್ಬಿನಿ, ಫ್ರಾಂಕಾ ಹೆಲ್ಗ್. ಫಲಕಗಳು ಬಾಬ್ ನೂರ್ಡಾ ಅವರದು. ಗೋಡೆಯುದ್ದಕ್ಕೂ ಕೆಂಪು ಪಟ್ಟಿ, ಅದರ ಮೇಲೆ ಪ್ರತಿ 5 ಮೀಟರಿಗೆ ನಿಲ್ದಾಣದ ಹೆಸರು. ತುಂಬಿದ ಬೋಗಿಯಲ್ಲಿ ಯಾವ ಕಿಟಕಿಯ ಹತ್ತಿರ ಸಿಕ್ಕಿಕೊಂಡಿದ್ದರೂ ಎಲ್ಲಿದ್ದೀವಿ ಅಂತ ಓದಬಹುದು. ಮೆಟ್ಟಿಲಿನ ಹಿಡಿಕಂಬಿ ಕೂಡ ಕೆಂಪು ಕೊಳವೆಯೇ, ತುದಿಯಲ್ಲಿ ನಯವಾಗಿ ಬಾಗಿದೆ. ಊರಿಗೆ ಹೊಸಬರ ಬಗ್ಗೆ ಇಷ್ಟು ಯೋಚಿಸಿ ಮಾಡಿದ್ದಾರಲ್ಲ ಅಂತ ನನಗೆ ಈಗಲೂ ಖುಷಿಯಾಗುತ್ತದೆ.

ಟಿಕೆಟಿನದು ಒಂದೇ ಮಾತು. ಹೊರಗೆ ಬರುವಾಗಲೂ ಗೇಟಿಗೆ ತೋರಿಸಬೇಕು, ಹಾಗಾಗಿ ಎಸೆಯಬೇಡಿ. ಬ್ಯಾಂಕ್ ಕಾರ್ಡ್ ತಾಗಿಸಿ ಒಳಗೆ ಹೋಗಿದ್ದರೆ ಹೊರಗೂ ಅದೇ ಕಾರ್ಡ್. ರೋ ಫಿಯೆರಾ ನಗರದ ವಲಯದಿಂದ ಆಚೆಗಿದೆ, ಅಲ್ಲಿಗೆ ದರ ಸ್ವಲ್ಪ ಜಾಸ್ತಿ.