ರಾತ್ರಿ ನಡೆದದ್ದು, ಹಗಲಲ್ಲಿ ನೆನಪಾಗುವುದು

ನಾನು ಜೈಲಿನಲ್ಲಿ ಆಪ್ತಸಮಾಲೋಚಕಿ. ಕೊಲೆ ಕೇಸಲ್ಲಿ ಸಜಾ ಆದವರ ಜೊತೆ ಕೂತು ಮಾತಾಡುವುದೇ ಜಾಸ್ತಿ. ನಿದ್ದೆ ಬರಲ್ಲ, ಸಿಟ್ಟು ತಡೆಯೋಕಾಗಲ್ಲ ಅಂತ ಬರುತ್ತಾರೆ. ಎಷ್ಟೋ ಜನರ ವಿಷಯದಲ್ಲಿ ಆ ದಿನದ ನೆನಪನ್ನು ಮುಟ್ಟದೆ ಮುಂದೆ ಹೋಗಲಾಗುವುದಿಲ್ಲ.

‘ಅವರು ನಿಜ ಹೇಳ್ತಾರಾ?’ ಅಂತ ಎಲ್ಲರೂ ಕೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯ, ಈ ನೆನಪು ಇವರಿಗೆ ಎಲ್ಲಿಂದ ಬಂತು ಅನ್ನುವುದು. ಯಾಕೆಂದರೆ ನನ್ನ ಹತ್ತಿರ ಬರುವ ಹೊತ್ತಿಗೆ ಅವರು ಅದನ್ನು ಠಾಣೆಯಲ್ಲಿ, ವಕೀಲರ ಮುಂದೆ, ಬ್ಯಾರಕ್‌ನಲ್ಲಿ ಹೇಳಿ ಹೇಳಿ ಸವೆಸಿರುತ್ತಾರೆ. ಚಾರ್ಜ್‌ಶೀಟ್ ಓದಿಸಿಕೊಂಡಿರುತ್ತಾರೆ. ಸಾಕ್ಷಿಗಳ ಮಾತು ಕೇಳಿರುತ್ತಾರೆ. ಎಲ್ಲವೂ ಒಂದರೊಳಗೊಂದು ಬೆರೆತುಹೋಗಿರುತ್ತದೆ.

ಒಬ್ಬರ ವಿಷಯ ಹೇಳುತ್ತೇನೆ, ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ರಾತ್ರಿ ತ್ರೀಫೇಸ್ ಕರೆಂಟ್ ಬಂದಾಗ ಗದ್ದೆಗೆ ನೀರು ಬಿಡಲು ಹೋದವರು. ನೀರಿನ ವಿಚಾರಕ್ಕೇ ದಾಯಾದಿ ಜೊತೆ ಜಗಳ, ಕೈಯಲ್ಲಿ ಗುದ್ದಲಿ. ಅವರು ಹೇಳುವಾಗ ಪಂಪ್‌ಹೌಸ್ ಗೋಡೆಯ ನೀಲಿ ಬಣ್ಣ, ಬದುವಿನ ಮೇಲಿದ್ದ ಬಿಳಿ ಚೀಲ, ಎಲ್ಲ ಸ್ಪಷ್ಟ. ಆದರೆ ಅದು ಅಮಾವಾಸ್ಯೆ ಹತ್ತಿರದ ರಾತ್ರಿ. ಅಷ್ಟು ಬಣ್ಣ ಕಂಡದ್ದು ಸ್ಥಳ ಮಹಜರಿಗೆ ಪೊಲೀಸರು ಹಗಲಲ್ಲಿ ಕರೆದುಕೊಂಡು ಹೋದಾಗ! ಸುಳ್ಳು ಹೇಳುತ್ತಿರಲಿಲ್ಲ. ಆ ರಾತ್ರಿಯನ್ನು ಮಹಜರಿನ ಬಿಸಿಲಲ್ಲೇ ನೋಡುತ್ತಿದ್ದರು, ಅಷ್ಟೆ.

‘ಕತ್ತಲಲ್ಲಿ ಬಣ್ಣ ಹೇಗೆ ಕಾಣಿಸ್ತು?’ ಅಂತ ನಾನು ಕೇಳಲಿಲ್ಲ. ಹಾಗೆ ಕೇಳಿದರೆ ಅದು ಪಾಟೀಸವಾಲು. ‘ಕಾಲಿಗೆ ಏನು ತಗುಲ್ತಿತ್ತು?’ ಎಂದೆ.

‘ಕೆಸರು ಮೇಡಂ. ತಣ್ಣಗಿತ್ತು. ಒಂದು ಚಪ್ಪಲಿ ಅಲ್ಲೇ ಸಿಕ್ಕಿಹಾಕ್ಕೊಳ್ತು.’ ಸ್ವಲ್ಪ ಹೊತ್ತು ಬಿಟ್ಟು, ‘ಅವನು ನನ್ನ ಹೆಸರು ಕರೆದ’ ಎಂದರು. ಅಲ್ಲಿಯವರೆಗೆ ಅವರ ಕಥೆಯಲ್ಲಿ ಸತ್ತವನು ಒಂದು ಮಾತೂ ಆಡಿರಲಿಲ್ಲ.

ಈ ರೀತಿ ಕೇಳುವುದು ನಾನೇ ಕಂಡುಹಿಡಿದದ್ದಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಫಿಶರ್ ಮತ್ತು ಗೈಸಲ್ಮನ್ 1980ರ ದಶಕದಲ್ಲಿ ಸಾಕ್ಷಿಗಳಿಗಾಗಿ ರೂಪಿಸಿದ ವಿಧಾನದಿಂದ ಎರವಲು ತಂದದ್ದು. ಸುತ್ತಲಿನ ಜಾಗವನ್ನು ಮನಸ್ಸಿಗೆ ತಂದುಕೊಳ್ಳಲು ಬಿಡಬೇಕು, ಮಧ್ಯೆ ಬಾಯಿ ಹಾಕಬಾರದು. ‘ಹೀಗಾಗಿರಬಹುದಾ?’ ಅನ್ನುವ ಮಾತಂತೂ ನನ್ನ ಬಾಯಿಂದ ಬರುವುದಿಲ್ಲ. ಕೆನಡಾದಲ್ಲಿ ಶಾ ಮತ್ತು ಪೋರ್ಟರ್ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳು ತಾವು ಮಾಡದೇ ಇದ್ದ ಅಪರಾಧವನ್ನು ವಿವರವಾಗಿ ‘ನೆನಪಿಸಿಕೊಂಡಿದ್ದರು’. ಅದಕ್ಕೆ ಬೇಕಾದದ್ದು ಹಾಗೆ ಸೂಚನೆ ಕೊಡುತ್ತಾ ಕೇಳಿದ ಮೂರೇ ಸಂದರ್ಶನ. ಎಷ್ಟು ಜನರದ್ದನ್ನು ನಿಜಕ್ಕೂ ಸುಳ್ಳು ನೆನಪು ಅನ್ನಬಹುದು ಅಂತ ಆಮೇಲೆ ವಾದ ನಡೆಯಿತು. ಆದರೂ ನನ್ನ ಬಾಯಿಗೆ ಬೀಗ ಹಾಕಲು ಅಷ್ಟು ಸಾಕು.

‘ಕುಡಿದಿದ್ದೆ, ಏನೂ ನೆನಪಿಲ್ಲ’ ಅನ್ನುವವರು ತುಂಬಾ ಜನ. ಎಲ್ಲವೂ ನಾಟಕವಲ್ಲ. ಗಬಗಬ ಕುಡಿದಾಗ ಮಿದುಳಿನ ಹಿಪ್ಪೊಕ್ಯಾಂಪಸ್ ಹೊಸ ನೆನಪು ದಾಖಲಿಸುವುದನ್ನೇ ನಿಲ್ಲಿಸಬಹುದು. ದಾಖಲಾಗದ್ದನ್ನು ಎಷ್ಟು ಕೆದಕಿದರೂ ಸಿಗುವುದಿಲ್ಲ. ಅರ್ಧಂಬರ್ಧ ದಾಖಲಾಗಿದ್ದರೆ ಒಂದು ವಾಸನೆ, ಒಂದು ಶಬ್ದ ಹಿಡಿದು ತುಣುಕುಗಳು ಬರುತ್ತವೆ. ಮಚ್ಚು ಎತ್ತಿದ ಕ್ಷಣದಿಂದ ಸಿಕ್ಕಿಬಿದ್ದ ಕ್ಷಣದವರೆಗೆ ಮಾತ್ರ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಮರೆತಿದ್ದರೆ ನನಗೆ ಅನುಮಾನ ಬರುತ್ತದೆ. ಆದರೆ ಬರೀ ಅನುಮಾನ. ಎರಡನೇ ಮಹಾಯುದ್ಧದ ನಂತರ ನಾಜಿ ನಾಯಕರ ಮೇಲೆ ನಡೆದ ನ್ಯೂರೆಂಬರ್ಗ್ ವಿಚಾರಣೆಯಲ್ಲಿ, ನೆನಪಿಲ್ಲ ಎನ್ನುತ್ತಿದ್ದ ರುಡಾಲ್ಫ್ ಹೆಸ್‌ನನ್ನು (ಹಿಟ್ಲರನ ಉಪನಾಯಕನಾಗಿದ್ದವನು) ಹಲವು ದೇಶಗಳ ವೈದ್ಯರು ಪರೀಕ್ಷಿಸಿದ್ದರು. ಕೊನೆಗೆ 1945ರ ನವೆಂಬರ್ 30ರಂದು ‘ಮರೆವು ನಟನೆಯಾಗಿತ್ತು’ ಅಂತ ಅವನೇ ಕೋರ್ಟಿನಲ್ಲಿ ಹೇಳಿದ.

‘ಇಂಜೆಕ್ಷನ್ ಕೊಟ್ರೆ ನಿಜ ಹೊರಗೆ ಬರುತ್ತೆ, ಅಲ್ವಾ?’ ಅಂತ ನೆಂಟರೂ ಕೇಳುತ್ತಾರೆ. ಮಂಪರಿನಲ್ಲಿರುವವರು ಕೇಳಿದವರ ಮಾತಿಗೆ ಬೇಗ ತಲೆಯಾಡಿಸುತ್ತಾರೆ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ ಮಾಡುವಂತಿಲ್ಲ ಅಂತ 2010ರಲ್ಲೇ ಹೇಳಿದೆ. ನನ್ನ ಮಟ್ಟಿಗೆ ಒಳ್ಳೆಯದೇ ಆಯಿತು.

ಅಪೀಲು ಇನ್ನೂ ಹೈಕೋರ್ಟಿನಲ್ಲಿದ್ದರೆ ನಾನು ಆ ದಿನದ ಮಾತನ್ನೇ ಎತ್ತುವುದಿಲ್ಲ. ಅವರಾಗಿಯೇ ಶುರು ಮಾಡಿದರೂ ‘ಮೊದಲು ವಕೀಲರ ಹತ್ರ ಮಾತಾಡಿ’ ಅಂತ ತಡೆಯುತ್ತೇನೆ. ಫೈಲಿನಲ್ಲಿ ನಿದ್ದೆ ಹೇಗಿದೆ, ಔಷಧಿ ಬೇಕಾ ಅನ್ನುವುದಷ್ಟೇ ಬರೆಯುತ್ತೇನೆ. ಕೆಸರು, ಚಪ್ಪಲಿ ಯಾವುದೂ ಅದರಲ್ಲಿ ಇರುವುದಿಲ್ಲ.