ಮಲೆನಾಡಿನ ಮಂಜಿಗೆ ಎಷ್ಟು ಲೇಯರ್ ಬೇಕು?

ಚಿಕ್ಕಮಗಳೂರಿನ ಹತ್ತಿರದ ಕಾಫಿ ಎಸ್ಟೇಟ್ ಒಂದರಲ್ಲಿ ನಾನು ರೈಟರ್. ಹಾಜರಿ, ಬಟವಾಡೆ, ಗೊಬ್ಬರದ ಲೆಕ್ಕ ಬರೆಯುವುದು ನನ್ನ ಕೆಲಸ. ಸಂಜೆ ಮೇಲೆ ಲ್ಯಾಪ್‌ಟಾಪಿನಲ್ಲಿ ಚಿತ್ರ ಬಿಡಿಸುತ್ತೇನೆ. ಚಿತ್ರಕಲಾ ಶಾಲೆಗೆ ಹೋದವನಲ್ಲ. ಪುಕ್ಕಟೆ ಸಿಗುವ ಪಾಠ ನೋಡಿ, ಪುಕ್ಕಟೆ ಸಿಗುವ ಪ್ರೋಗ್ರಾಂ ಹಾಕಿಕೊಂಡು ಕಲಿತವನು. ಇದಕ್ಕೆಂದೇ ದುಡ್ಡು ಹಾಕಿದ್ದು ಒಂದು ಪೆನ್ ಟ್ಯಾಬ್ಲೆಟ್‌ಗೆ ಮಾತ್ರ. ಪೆನ್ನಿನಿಂದ ಗೀಚಿದ್ದನ್ನು ಲ್ಯಾಪ್‌ಟಾಪಿನಲ್ಲಿ ಮೂಡಿಸುವ ಹಲಗೆ, ಅದೂ ಸ್ಕ್ರೀನ್ ಇಲ್ಲದ್ದು.

ಪ್ರೋಗ್ರಾಂ ಕ್ರಿಟಾ. ಫೋಟೋ ತಿದ್ದುವವರಿಗೆ ಗಿಂಪ್ ಇದೆ, ಲೋಗೋ ಮಾಡುವವರಿಗೆ ಇಂಕ್‌ಸ್ಕೇಪ್ ಇದೆ. ಬಣ್ಣ ಹಚ್ಚುವವರಿಗೆ ಕ್ರಿಟಾನೇ ಸರಿ. ಅದರ ಸ್ವಂತ ವೆಬ್‌ಸೈಟಿನಲ್ಲಿ ಇಳಿಸಿಕೊಂಡರೆ ಒಂದು ಪೈಸೆಯೂ ಇಲ್ಲ. ಮೈಕ್ರೋಸಾಫ್ಟ್ ಸ್ಟೋರ್, ಸ್ಟೀಮ್‌ಗಳಲ್ಲಿ ಅದೇ ಪ್ರೋಗ್ರಾಂಗೆ ಬೆಲೆ ಹಾಕಿದ್ದಾರೆ. ಆ ದುಡ್ಡು ಕ್ರಿಟಾ ಬೆಳೆಸುವವರಿಗೇ ಹೋಗುವುದು, ಕೊಡಬೇಕು ಅನ್ನಿಸಿದರೆ ಕೊಡಬಹುದು.

ಟ್ಯಾಬ್ಲೆಟ್ ಬಂದ ಹೊಸತರಲ್ಲಿ ಎರಡು ವಿಷಯ ಸರಿ ಮಾಡಿಕೊಳ್ಳಬೇಕು. ಗುಂಡಗೆ ಗೀರಿದರೆ ಮೊಟ್ಟೆ ಆಕಾರ ಬರುತ್ತದೆ. ಟ್ಯಾಬ್ಲೆಟ್‌ನ ಉದ್ದಗಲಕ್ಕೂ ಸ್ಕ್ರೀನಿನ ಉದ್ದಗಲಕ್ಕೂ ತಾಳೆ ಇಲ್ಲದಿದ್ದರೆ ಹೀಗೆ. ಟ್ಯಾಬ್ಲೆಟ್‌ನ ಡ್ರೈವರ್ ಪ್ರೋಗ್ರಾಂನಲ್ಲಿ ಸ್ಕ್ರೀನಿಗೆ ಹೊಂದುವ ಅಳತೆ ಆರಿಸಿದರೆ ಸರಿಯಾಗುತ್ತದೆ. ಇನ್ನೊಂದು, ಪೆನ್ ಎಷ್ಟು ಒತ್ತಿದರೂ ಗೆರೆ ಒಂದೇ ದಪ್ಪ ಬರುವುದು. ಕ್ರಿಟಾದ ಟ್ಯಾಬ್ಲೆಟ್ ಸೆಟ್ಟಿಂಗ್‌ನಲ್ಲಿ ವಿನ್‌ಟ್ಯಾಬ್, ವಿಂಡೋಸ್ ಇಂಕ್ ಅಂತ ಎರಡು ಆಯ್ಕೆ ಇವೆ. ಒಂದು ಕೆಲಸ ಮಾಡದಿದ್ದರೆ ಇನ್ನೊಂದು ಹಾಕಿ, ಪ್ರೋಗ್ರಾಂ ಮುಚ್ಚಿ ತೆರೆಯಿರಿ. ಕೈ ಮೇಜಿನ ಮೇಲೆ, ಕಣ್ಣು ಸ್ಕ್ರೀನಿನ ಮೇಲೆ ಇಟ್ಟು ಬರೆಯುವ ಕಷ್ಟಕ್ಕೆ ಮಾತ್ರ ಯಾವ ಸೆಟ್ಟಿಂಗೂ ಇಲ್ಲ. ದಿನಾ ಗೀಚುತ್ತಾ ಇದ್ದರೆ ತಾನಾಗಿ ಕೂಡಿ ಬರುತ್ತದೆ.

ಪಾಠಗಳ ವಿಷಯ. ಯೂಟ್ಯೂಬ್‌ನಲ್ಲಿ ಒಂದಾದ ಮೇಲೊಂದು ನೋಡುತ್ತಾ ಹೋದರೆ ಸಂಜೆ ಮುಗಿಯುತ್ತದೆ, ಕೈಗೆ ಏನೂ ಬಂದಿರುವುದಿಲ್ಲ. ನನಗೆ ಉಪಯೋಗಕ್ಕೆ ಬಂದದ್ದು ಎರಡು. ಡ್ರಾ ಎ ಬಾಕ್ಸ್ ಎಂಬ ಉಚಿತ ಪಾಠಮಾಲೆ ಒಂದು. ಅದರಲ್ಲಿ ಕಂಪ್ಯೂಟರೇ ಬೇಡ, ಕಾಗದ ಪೆನ್ನು ಹಿಡಿದು ಗೆರೆ, ಪೆಟ್ಟಿಗೆ ಬಿಡಿಸಿ ಅನ್ನುತ್ತಾರೆ. 250 ಪೆಟ್ಟಿಗೆ ಬಿಡಿಸುವ ಸವಾಲೂ ಇದೆ. ಬೇಜಾರು ಹಿಡಿಸುವ ಕೆಲಸ, ಸುಳ್ಳು ಯಾಕೆ ಹೇಳಲಿ. ಆದರೆ ಮನೆ, ಗೋದಾಮು, ಜೀಪು ಎಲ್ಲ ಒಳಗೆ ಪೆಟ್ಟಿಗೆಗಳೇ ಅಲ್ವಾ? ಎರಡನೆಯದು ಕಂಟ್ರೋಲ್ ಪೇಂಟ್. ಅದರ ಉಚಿತ ವಿಡಿಯೋಗಳು ಚಿಕ್ಕಚಿಕ್ಕವು. ಬಣ್ಣದ ಗೋಜಿಗೆ ಹೋಗುವ ಮುಂಚೆ ಕಪ್ಪು, ಬೂದು, ಬಿಳಿಯಲ್ಲಿ ಬೆಳಕು ನೆರಳು ಕಲಿಸುತ್ತಾರೆ. ಎರಡೂ ಇಂಗ್ಲಿಷು. ಅರ್ಥವಾಗದ ಕಡೆ ವೇಗ ಇಳಿಸಿ ನೋಡಿದೆ. ಹೇಳಿದ್ದು ಕೇಳುವುದಕ್ಕಿಂತ ಅವರ ಕುಂಚ ಎಲ್ಲಿ ಓಡುತ್ತದೆ ಎಂದು ನೋಡಿದ್ದೇ ಜಾಸ್ತಿ.

ಈ ಬೂದು ಬಣ್ಣದ ಪಾಠವನ್ನು ಈಗಲೂ ಬಿಟ್ಟಿಲ್ಲ. ಲೇಯರ್ ಅಂದರೆ ಒಂದರ ಮೇಲೊಂದು ಇಡುವ ಪಾರದರ್ಶಕ ಹಾಳೆಯಂಥದ್ದು. ಎಲ್ಲಕ್ಕಿಂತ ಮೇಲೆ ಒಂದು ಲೇಯರ್ ಹಾಕಿ, ಪೂರ್ತಿ ಬೂದು ತುಂಬಿ, ಅದು ಕೆಳಗಿನ ಬಣ್ಣದ ಜೊತೆ ಬೆರೆಯುವ ರೀತಿಯನ್ನು, ಅಂದರೆ ಬ್ಲೆಂಡಿಂಗ್ ಮೋಡನ್ನು, ಕಲರ್‌ಗೆ ತಿರುಗಿಸುತ್ತೇನೆ. ಇಡೀ ಚಿತ್ರ ಕಪ್ಪು ಬಿಳುಪಾಗಿ ಕಾಣುತ್ತದೆ. ಆಗ ಮರ ಮತ್ತು ಗುಡ್ಡ ಒಂದೇ ಬೂದು ಬಣ್ಣಕ್ಕೆ ಅಂಟಿಕೊಂಡರೆ, ಎಂಥ ಹಸಿರು ಹಚ್ಚಿದರೂ ಅದು ಚಿತ್ರವನ್ನು ಉಳಿಸುವುದಿಲ್ಲ. ಹಾಗೇ ಎಮ್ ಕೀ ಒತ್ತಿದರೆ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗುತ್ತದೆ. ವಾಲಿದ ಮನೆ, ಸೊಟ್ಟ ಮುಖ ತಕ್ಷಣ ಕಣ್ಣಿಗೆ ಹೊಡೆಯುತ್ತವೆ.

ಆಮೇಲೆ ಒಂದು ದಿನ ನಮ್ಮ ಮೇಸ್ತ್ರಿ ನನ್ನ ಚಿತ್ರ ನೋಡಿದರು. ತೋಟದ ದಾರಿ, ಸಿಲ್ವರ್ ಓಕ್ ಮರಗಳು, ಪಕ್ಕದಲ್ಲಿ ಕಾಫಿ ಗಿಡ. ಅವರು ಹೇಳಿದ್ದು, "ಚೆನ್ನಾಗೈತೆ ರೈಟ್ರೆ. ಇದು ಯಾವೂರ ತೋಟ?"

ಸರಿಯಾದ ಪ್ರಶ್ನೆ. ಮರ ನಮ್ಮದು, ಬೆಳಕು ವಿಡಿಯೋದ್ದು. ಪಾಠಗಳಲ್ಲಿ ಸಾಮಾನ್ಯವಾಗಿ ಒಂದು ಸೂರ್ಯ, ಒಂದು ದಿಕ್ಕು, ಹಳದಿ ಬೆಳಕು, ನೀಲಿ ನೆರಳು. ಕೊಯ್ಲಿನ ಕಾಲದಲ್ಲಿ, ಡಿಸೆಂಬರ್ ಜನವರಿಯ ಬೆಳಗ್ಗೆ, ಕಣದಲ್ಲಿ ಕಾಫಿ ಹರಡಿದಾಗ ಅಂಥ ಬೆಳಕು ಇಲ್ಲೂ ಉಂಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹುಡುಕಿದರೂ ಸಿಗದು. ಮೋಡ ಕವಿದ ಆಕಾಶವೇ ಆಗ ದೀಪ. ಬೆಳಕು ಎಲ್ಲ ಕಡೆಯಿಂದ ಸಮನಾಗಿ ಇಳಿಯುತ್ತದೆ, ನೆಲದ ಮೇಲೆ ನೆರಳಿನ ಅಂಚೇ ಬೀಳುವುದಿಲ್ಲ. ಕಪ್ಪು ಇರುವುದು ಗಿಡದ ಬುಡದಲ್ಲಿ, ಎಲೆ ಎಲೆ ಸೇರುವ ಸಂದಿಯಲ್ಲಿ ಮಾತ್ರ. ಒದ್ದೆ ಕಾಫಿ ಎಲೆಯ ಮೇಲೆ ಮಿಂಚುವುದು ಬಿಸಿಲಲ್ಲ, ಆಕಾಶದ ಬೂದು. ಅಲ್ಲಿ ಹಳದಿ ಇಟ್ಟರೆ ಮಳೆಗಾಲ ಅಲ್ಲೇ ಮುಗಿಯಿತು.

ಹಾಗಾಗಿ ಕುಂಚ ಹಿಡಿಯುವ ಕ್ರಮ ಪಾಠದಿಂದ, ಬೆಳಕು ಹೊರಗಿನಿಂದ ಎಂದು ನಿಯಮ ಮಾಡಿಕೊಂಡೆ. ಹಾಜರಿ ಹಾಕಲು ತೋಟಕ್ಕೆ ಹೋದಾಗ ಮೊಬೈಲಿನಲ್ಲಿ ಫೋಟೋ ತೆಗೆದು, ಜೊತೆಗೆ ನೋಟ್‌ಬುಕ್ಕಿನಲ್ಲಿ ಮೂರೇ ಬೂದುಗಳ ಚಿಕ್ಕ ಗೀಚು ಮಾಡಿಕೊಳ್ಳುತ್ತೇನೆ. ಮೊಬೈಲ್ ಕ್ಯಾಮೆರಾ ಮಂಜನ್ನು ತಾನೇ ತಿದ್ದಿ ಚುರುಕು ಮಾಡಿಬಿಡುತ್ತದೆ, ಅದನ್ನು ಪೂರ್ತಿ ನಂಬುವಂತಿಲ್ಲ.

ಮುಳ್ಳಯ್ಯನಗಿರಿ ಕಡೆಯ ಗುಡ್ಡಗಳನ್ನು ನಾನು ಬಿಡಿಸುವ ರೀತಿ ಹೇಳುತ್ತೇನೆ. ಒಂದೊಂದು ಸಾಲು ಗುಡ್ಡಕ್ಕೆ ಒಂದೊಂದು ಲೇಯರ್. ಹಿಂದೆ ಹೋದಷ್ಟೂ ಬಣ್ಣ ಆಕಾಶದ ಬಣ್ಣಕ್ಕೆ ಹತ್ತಿರ. ಇಷ್ಟು ಎಲ್ಲ ಪಾಠದಲ್ಲೂ ಇದೆ. ನಮ್ಮ ಮಂಜು ಕಣಿವೆಯಲ್ಲಿ ಕೂರುವ ಮಂಜು. ಹಾಗಾಗಿ ಗುಡ್ಡದ ತುದಿ ಗಟ್ಟಿಯಾಗಿ ಕಂಡು, ಬುಡವೇ ಮೊದಲು ಮಾಯವಾಗುತ್ತದೆ. ಇದಕ್ಕೆ ಆ ಲೇಯರ್‌ಗೆ ಆಲ್ಫಾ ಲಾಕ್ ಹಾಕಿ, ದೊಡ್ಡ ಮೆತ್ತನೆ ಏರ್‌ಬ್ರಶ್‌ನಿಂದ ಬುಡಕ್ಕೆ ಮಾತ್ರ ಆಕಾಶದ ಬೂದು ಉಜ್ಜುತ್ತೇನೆ. ಲಾಕ್ ಇರುವುದರಿಂದ ಬಣ್ಣ ಗುಡ್ಡದ ಅಂಚು ದಾಟುವುದಿಲ್ಲ. ನಾಲ್ಕು ಅಥವಾ ಐದು ಸಾಲು ಸಾಕು. ಅದಕ್ಕಿಂತ ಜಾಸ್ತಿ ಹಾಕಿದರೆ ಎರಡು ಸಾಲುಗಳ ನಡುವಿನ ವ್ಯತ್ಯಾಸವೇ ಕಾಣುವುದಿಲ್ಲ.

ಕುಂಚಗಳೂ ಅಷ್ಟೇ. ಕ್ರಿಟಾದ ಜೊತೆಗೇ ನೂರಕ್ಕೂ ಹೆಚ್ಚು ಬರುತ್ತವೆ. ನಾನು ಬಳಸುವುದು ಒಂದು ಗಟ್ಟಿ ಅಂಚಿನದು, ಒಂದು ಏರ್‌ಬ್ರಶ್, ಒಂದು ಒರಟು ಬ್ರಿಸಲ್. ಹೊಸ ಬ್ರಶ್ ಪ್ಯಾಕ್ ಹುಡುಕುತ್ತಾ ಕೂರುವವರನ್ನು ನೋಡಿದ್ದೇನೆ, ಅವರ ಚಿತ್ರ ನೋಡಿದ್ದು ಕಡಿಮೆ.

ಕಾಫಿ ಹೂವು ಬಿಡಿಸುವುದು ಬೇರೆಯದೇ ಕಥೆ. ಮಾರ್ಚ್ ಏಪ್ರಿಲ್‌ನ ಹೂ ಮಳೆ ಬಿದ್ದು ವಾರ ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ, ಎರಡು ಮೂರು ದಿನದಲ್ಲಿ ಬಾಡುತ್ತದೆ. ಬಿಳಿ ಹೂವು ಅಂತ ಬಿಳಿ ಹಚ್ಚಿದರೆ ಸುಣ್ಣದ ಚುಕ್ಕಿಯಂತೆ ಕಾಣುತ್ತದೆ. ಮರದ ನೆರಳಲ್ಲಿರುವ ಹೂವಿಗೆ ಹಸಿರು ಬೆರೆತ ಬೂದು ಸರಿ. ಅಚ್ಚ ಬಿಳಿಯನ್ನು ಬಿಸಿಲು ಬಿದ್ದ ನಾಲ್ಕು ಗೊಂಚಲಿಗೆ ಉಳಿಸಿಕೊಳ್ಳಬೇಕು.

ಮಳೆ ಬಿಟ್ಟ ಭಾನುವಾರ ಹಳೇಬೀಡಿಗೂ ಹೋಗುತ್ತೇನೆ. ಗುಡಿಯ ಗೋಡೆಯ ಕೆಳಸಾಲಿನ ಆನೆಗಳು ಗೆರೆಯ ಅಭ್ಯಾಸಕ್ಕೆ ಹೇಳಿ ಮಾಡಿಸಿದ್ದು. ಬೆಳಕು ಓರೆಯಾಗಿ ಬೀಳುವ ಹೊತ್ತಿಗೆ ಹೋದರೆ ಕೆತ್ತನೆಯ ಒಂದೊಂದು ತಿರುವೂ ಕಾಣುತ್ತದೆ, ನೆತ್ತಿಯ ಮೇಲೆ ಸೂರ್ಯ ಬಂದಾಗ ಅಷ್ಟು ಕಾಣದು. ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಚಿತ್ರ ಬಿಡಿಸುವವರು ಕಾಗದ ಪೆನ್ನು ಹಿಡಿದು ಒಂದು ಮೂಲೆ ಹುಡುಕಿಕೊಳ್ಳುವುದು ವಾಸಿ. ಲ್ಯಾಪ್‌ಟಾಪ್ ಕೆಲಸ ಮನೆಗೆ ಬಂದ ಮೇಲೆ.

ಇನ್ನು ಯಂತ್ರದ ಲೆಕ್ಕ, ಲೆಕ್ಕ ಬರೆಯುವವನು ಇದನ್ನು ಬಿಡಲಾರೆ. ಎ4 ಅಳತೆಯನ್ನು 300 ಡಿಪಿಐಗೆ, ಅಂದರೆ ಇಂಚಿಗೆ 300 ಚುಕ್ಕಿಗೆ, ಇಟ್ಟರೆ 2480 ಗುಣಿಸು 3508 ಪಿಕ್ಸೆಲ್. ಸಾಮಾನ್ಯ 8 ಬಿಟ್ ಬಣ್ಣದಲ್ಲಿ ಪೂರ್ತಿ ತುಂಬಿದ ಒಂದು ಲೇಯರ್‌ಗೆ ಸುಮಾರು 35 ಎಂಬಿ ಮೆಮೊರಿ. ಬಣ್ಣವನ್ನು ಇನ್ನೂ ಸೂಕ್ಷ್ಮವಾಗಿ ಇಡುವ 16 ಬಿಟ್ ಆದರೆ ಅದರ ಎರಡರಷ್ಟು. ಹಳೇ ಲ್ಯಾಪ್‌ಟಾಪ್ ಏದುಸಿರು ಬಿಡುವುದು ಇಲ್ಲೇ. ಮುಗಿದ ಲೇಯರ್‌ಗಳನ್ನು ಕೂಡಿಸಿಬಿಡಿ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಇವತ್ತು ಹೋದರೆ ನಾಳೆ ಬಂದೀತು. ಹಾಗಾಗಿ ಕಂಟ್ರೋಲ್, ಆಲ್ಟ್, ಎಸ್ ಒಟ್ಟಿಗೆ ಒತ್ತಿ ಹೊಸ ನಂಬರಿನ ಪ್ರತಿ ಉಳಿಸುವುದು ರೂಢಿ. ಹಿಂದಿನ ಪ್ರತಿಯೂ ಉಳಿದಿರುತ್ತದೆ.

ಪ್ರಿಂಟ್ ಹಾಕಿಸುವುದಿದ್ದರೆ ಒಂದು ಮಾತು. ಸ್ಕ್ರೀನ್ ತಾನೇ ಬೆಳಗುತ್ತದೆ, ಕಾಗದ ಬೆಳಗುವುದಿಲ್ಲ. ಮಳೆಗಾಲದ ಚಿತ್ರದ ಕಪ್ಪು ಹಸಿರುಗಳು ಪ್ರಿಂಟ್‌ನಲ್ಲಿ ಮಸಿ ಮೆತ್ತಿದಂತೆ ಬರಬಹುದು. ಪೂರ್ತಿ ಚಿತ್ರ ಕೊಡುವ ಮುಂಚೆ ಅತಿ ಕಪ್ಪು ಇರುವ ಜಾಗದ ಒಂದು ಅಂಗೈಯಗಲ ತುಂಡು ಮಾತ್ರ ಹಾಕಿಸಿ, ಹಗಲು ಬೆಳಕಲ್ಲಿ ನೋಡಿ, ಬೇಕಾದಷ್ಟು ತಿಳಿ ಮಾಡಿಕೊಂಡು ಆಮೇಲೆ ದೊಡ್ಡದು ಹಾಕಿಸುತ್ತೇನೆ.