ಯಾಕೆ ಅಂತ ಆಮೇಲೆ, ಯಾವತ್ತಿಂದ ಅಂತ ಮೊದಲು

ಕೊಪ್ಪಳದಿಂದ ಹೊಸಪೇಟೆ ಕಡೆ ಹೋಗುವಾಗ ಗಿಣಿಗೇರಾ ಸುತ್ತಮುತ್ತ ಉಕ್ಕು, ಸ್ಪಾಂಜ್ ಐರನ್ ಕಾರ್ಖಾನೆಗಳು ಕಾಣಿಸುತ್ತವೆ. ನನ್ನ ವಕೀಲಿಕೆಯಲ್ಲಿ ಅಂಥ ಕಡೆ ದುಡಿಯುವವರ ಕೇಸುಗಳೇ ಜಾಸ್ತಿ. ಕೆಲಸ ಹೋಯಿತು ಅಂತ ಯಾರೇ ಬಂದರೂ ನಾನು ಕೇಳುವ ಮೊದಲ ಪ್ರಶ್ನೆ, "ಯಾವತ್ತಿಂದ ಗೇಟಿನೊಳಗೆ ಬಿಡ್ತಿಲ್ಲ?" ಬಂದವರಿಗೆ ಇದು ಬೇಜಾರು. ಯಾಕೆ ಬಿಡ್ತಿಲ್ಲ ಅನ್ನೋದನ್ನ ಹೇಳೋಕೆ ಅವರು ಬಂದಿರುತ್ತಾರೆ.

ಧರ್ಮದ ಕಾರಣಕ್ಕೆ ಕೆಲಸ ಕಳೆದುಕೊಂಡವರು ಉಳಿದವರಿಗಿಂತ ತಡವಾಗಿ ಬರುತ್ತಾರೆ. ಊರಿನ ಹಿರಿಯರು, ಜಮಾತಿನವರು, ಗುತ್ತಿಗೆದಾರನ ಪರಿಚಯದವರು, ಹೀಗೆ ಎಲ್ಲರ ಕೈಲೂ ಹೇಳಿಸಿ ಆಗಿರುತ್ತದೆ. ದೊಡ್ಡದು ಮಾಡೋದು ಬೇಡ ಅನ್ನೋ ಅಂಜಿಕೆ ಬೇರೆ. ಹೇಳಿಸಲಿ, ತಪ್ಪಿಲ್ಲ. ಆದರೆ ಮಾತುಕತೆ ನಡೀತಿದೆ ಅಂತ ಕಾನೂನಿನ ಅವಧಿ ನಿಲ್ಲೋದಿಲ್ಲ.

ಒಂದು ಕೇಸು ಹೇಳುತ್ತೇನೆ. ಗುತ್ತಿಗೆದಾರನ ಕೈಕೆಳಗೆ ದುಡಿಯುತ್ತಿದ್ದ ಒಬ್ಬ ಫಿಟ್ಟರ್. ಶುಕ್ರವಾರ ಜುಮ್ಮಾ ನಮಾಜಿಗೆ ಹೋಗಿಬರುವಷ್ಟು ಹೊತ್ತು ಜೊತೆಗಾರ ಅವನ ಕೆಲಸ ನೋಡಿಕೊಳ್ಳುತ್ತಿದ್ದ. ಆ ಜೊತೆಗಾರ ಹುಣ್ಣಿಮೆಗೆ ಹುಲಿಗಿಯ ಹುಲಿಗೆಮ್ಮನ ದರ್ಶನಕ್ಕೆ ಹೋದರೆ ಇವನು ನೋಡಿಕೊಳ್ಳುತ್ತಿದ್ದ. ಇದಕ್ಕೆ ಕಾಗದಪತ್ರ ಏನೂ ಇರಲಿಲ್ಲ, ಯಾರ ತಕರಾರೂ ಇರಲಿಲ್ಲ. ಹೊಸ ಸೂಪರ್‌ವೈಸರ್ ಬಂದ, ಜುಮ್ಮಾ ನಿಲ್ಲಿಸಿದ. ಹುಲಿಗಿಗೆ ಹೋಗೋದು ಹಾಗೇ ನಡೆಯಿತು. ಇವನು ಅದನ್ನೇ ಎತ್ತಿ ಕೇಳಿದ. ಮರುದಿನ ಗೇಟ್‌ಪಾಸ್ ಕಿತ್ತುಕೊಂಡು "ಇನ್ ಮ್ಯಾಲ ಬರಬ್ಯಾಡ" ಅಂದರು. ಲಿಖಿತ ಆದೇಶ ಇಲ್ಲ, ನೋಟಿಸ್ ಇಲ್ಲ.

ನನ್ನ ಹತ್ತಿರ ಬರುವಾಗ ಪಿಯುಸಿ ಓದುವ ಮಗನನ್ನೂ ಕರೆತಂದಿದ್ದ. ಹುಡುಗನ ಮುಖ ಬಾಡಿತ್ತು. "ಸರ್, 180 ದಿನ ದಾಟಿ ಹೋಗೇದ. ಮೊಬೈಲ್‌ನ್ಯಾಗ ನೋಡೀನಿ," ಅಂದ. ಅವನು ಓದಿದ್ದು ಅಮೆರಿಕದ ಕಾನೂನು. ಅಲ್ಲಿ 1964ರ ನಾಗರಿಕ ಹಕ್ಕುಗಳ ಕಾಯ್ದೆಯಡಿ, ಕೆಲಸದ ಜಾಗದಲ್ಲಿ ಧರ್ಮದ ತಾರತಮ್ಯ ಆದರೆ ಇಇಒಸಿ ಎಂಬ ಆಯೋಗಕ್ಕೆ 180 ದಿನದೊಳಗೆ ದೂರು ಕೊಡಬೇಕು. ಆ ರಾಜ್ಯದಲ್ಲೇ ಅಂಥ ಕಾನೂನು ಜಾರಿ ಮಾಡುವ ಸಂಸ್ಥೆ ಇದ್ದರೆ 300 ದಿನ. ಅಲ್ಲಿನ ಕೇಂದ್ರ ಸರ್ಕಾರಿ ನೌಕರರಾದರೆ 45 ದಿನದೊಳಗೆ ತಮ್ಮ ಇಲಾಖೆಯ ಸಲಹೆಗಾರರನ್ನು ಕಾಣಬೇಕು. ಗಿಣಿಗೇರಾಕ್ಕೂ ಅದಕ್ಕೂ ಸಂಬಂಧ ಇಲ್ಲ ಅಂತ ಹುಡುಗನಿಗೆ ಹೇಳಿದೆ.

ಹುಡುಗನ ಮಾತು ಬಿಡಿ, ನಮ್ಮ ಹಳೇ ವಕೀಲರೂ ಕೆಲವರು "ಆರು ತಿಂಗಳು ಆಯ್ತಾ? ಮುಗೀತು" ಅಂದುಬಿಡುತ್ತಾರೆ. ಕೈಗಾರಿಕಾ ವಿವಾದ ಕಾಯ್ದೆಗೆ ಕರ್ನಾಟಕ ಸೇರಿಸಿಕೊಂಡ 10(4ಎ) ಕಲಮು ಅವರ ತಲೆಯಲ್ಲಿರುತ್ತದೆ. ಅದರಡಿ ನೇರವಾಗಿ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಲು ಆರೇ ತಿಂಗಳು ಇತ್ತು. 2010ರ ತಿದ್ದುಪಡಿ 2ಎ ಕಲಮಿನಲ್ಲಿ ಇನ್ನೊಂದು ದಾರಿ ತೆರೆಯಿತು. ಮೊದಲು ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಗೆ ಅರ್ಜಿ. 45 ದಿನ ಕಳೆದ ಮೇಲೆ ಕಾರ್ಮಿಕ ನ್ಯಾಯಾಲಯ. ತೆಗೆದುಹಾಕಿದ ದಿನದಿಂದ ಮೂರು ವರ್ಷದೊಳಗೆ ಅಲ್ಲಿಗೆ ಮುಟ್ಟಬೇಕಿತ್ತು. ಅಮೆರಿಕದ 45 ಓಡುವ ದಿನಗಳು, ನಮ್ಮ 45 ಕಾಯುವ ದಿನಗಳು.

ಹಾಗಾದರೆ ಧರ್ಮದ ಮಾತು ಎಲ್ಲಿ ಬರುತ್ತದೆ? ಸಂವಿಧಾನದ 16ನೇ ವಿಧಿ ಸರ್ಕಾರಿ ನೌಕರಿಯ ಮಾತಾಡುತ್ತದೆ, ಗುತ್ತಿಗೆದಾರನ ಮೇಲೆ ನೇರವಾಗಿ ನಡೆಯೋದಿಲ್ಲ. ಆದರೆ ಕೈಗಾರಿಕಾ ವಿವಾದ ಕಾಯ್ದೆಯ 5ನೇ ಅನುಸೂಚಿಯಲ್ಲಿ ಸೇಡಿನಿಂದ, ಸುಳ್ಳು ಕಾರಣ ಕೊಟ್ಟು ತೆಗೆಯೋದು, ಒಂದು ಗುಂಪಿಗೆ ಪಕ್ಷಪಾತ ಮಾಡೋದು ಅನುಚಿತ ಕಾರ್ಮಿಕ ಪದ್ಧತಿ ಅಂತಿತ್ತು. ನಾನು ಹಿಡಿದಿದ್ದು ಅದನ್ನ. ಜೊತೆಗೆ ವರ್ಷಕ್ಕೆ 240 ದಿನ ದುಡಿದವನನ್ನು ನೋಟಿಸ್, ಪರಿಹಾರ ಇಲ್ಲದೆ ತೆಗೆದಿದ್ದಾರೆ ಅನ್ನೋದು. ನಿಜ ಹೇಳಬೇಕೆಂದರೆ ಇಂಥ ಕೇಸು ಗೆಲ್ಲೋದು ಜಾಸ್ತಿ ಈ 240ರ ಮೇಲೇ. ಆದರೂ ಜುಮ್ಮಾ, ಹುಲಿಗಿ ಎರಡನ್ನೂ ಮೊದಲ ಅರ್ಜಿಯಲ್ಲೇ ಬರೆಸಿದೆ. ಆಮೇಲೆ ಸೇರಿಸಿದರೆ ಕಟ್ಟುಕಥೆ ಅಂತಾರೆ. ಜೊತೆಗಾರನೂ ಸಾಕ್ಷಿ ಹೇಳಲು ಒಪ್ಪಿದ. ಅವನಿಗೆ ಅಲ್ಲೇ ದುಡಿಯಬೇಕಿತ್ತು, ಆದರೂ ಒಪ್ಪಿದ.

ಕಷ್ಟ ಆಗಿದ್ದು ತಾರೀಖು. ಆದೇಶವೇ ಇಲ್ಲದಿದ್ದರೆ ಅವಧಿ ಯಾವತ್ತಿಂದ ಎಣಿಸೋದು? ಪಿಎಫ್ ಪಾಸ್‌ಬುಕ್ ತೆಗೆಸಿದೆ. ಕೆಲಸ ಬಿಟ್ಟ ದಿನ ಅಂತ ಗುತ್ತಿಗೆದಾರ ಹಾಕಿದ್ದು ನಿಜವಾದ ದಿನಕ್ಕಿಂತ ಎರಡು ತಿಂಗಳು ಹಿಂದಿನದು. ಕಾರಣದ ಕಡೆ ರಾಜೀನಾಮೆ ಅಂತ! ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿದರೆ ಆ ಎರಡೂ ತಿಂಗಳು ಸಂಬಳ ಬಿದ್ದಿತ್ತು. ಅವರ ಸುಳ್ಳು ಅಲ್ಲೇ ಸಿಕ್ಕಿಬಿತ್ತು. ಎರಡರ ಪ್ರಿಂಟೂ ಅರ್ಜಿಗೆ ಲಗತ್ತಿಸಿ, ಕಾರ್ಮಿಕ ಇಲಾಖೆ ಕಚೇರಿಯ ಟಪಾಲು ವಿಭಾಗದಲ್ಲಿ ನಮ್ಮ ಪ್ರತಿಗೆ ತಾರೀಖಿನ ಸೀಲು ಹಾಕಿಸಿಕೊಂಡೆ. "ಸೀಲ್ ಯಾಕ್ರೀ, ನಾವೇನು ಕಳೀತೀವಾ?" ಅಂದರು ಅಲ್ಲಿನ ಗುಮಾಸ್ತರು. ಆ 45 ದಿನ ಎಣಿಸೋದು ಆ ಸೀಲಿನಿಂದಲೇ ಅಲ್ವಾ?

ಸಂಧಾನದ ದಿನ ಗುತ್ತಿಗೆದಾರನ ಕಡೆಯವರು ಹೇಳಿದ್ದು ಮಾಮೂಲಿ ಮಾತು: "ನಾವ್ ತೆಗದಿಲ್ರೀ ಸರ, ಅವನ ಬರೂದು ಬಿಟ್ಟಾನ." ಅಧಿಕಾರಿ ಫೈಲಿನಿಂದ ತಲೆ ಎತ್ತಿ, "ಹಂಗಾದ್ರ ನಾಳಿಂದ ಬರಲಿ?" ಅಂದರು. ಆ ಕಡೆಯಿಂದ ಸದ್ದಿಲ್ಲ. ಕೊನೆಗೆ ಬೇರೆ ವಿಭಾಗದಲ್ಲಿ ಕೆಲಸ ಕೊಡಲು ಒಪ್ಪಿದರು. ಹಿಂದಿನ ಸಂಬಳಕ್ಕೆ ಒಪ್ಪಲಿಲ್ಲ. ಅದಕ್ಕಾಗಿ ಕಾರ್ಮಿಕ ನ್ಯಾಯಾಲಯಕ್ಕೆ ಹಾಕಿದ್ದೇವೆ, ನಡೀತಿದೆ.

ಸರ್ಕಾರಿ ನೌಕರರ ಲೆಕ್ಕ ಬೇರೆ. ಅವರು ಆಡಳಿತ ನ್ಯಾಯಮಂಡಳಿಗೆ ಅಂತಿಮ ಆದೇಶದಿಂದ ಒಂದು ವರ್ಷದೊಳಗೆ ಹೋಗಬೇಕು. ಮೇಲ್ಮನವಿ ಕೊಟ್ಟು ಆರು ತಿಂಗಳಾದರೂ ಉತ್ತರ ಇಲ್ಲದಿದ್ದರೆ, ಆ ಆರು ತಿಂಗಳು ಮುಗಿದ ಮೇಲೆ ಒಂದು ವರ್ಷ. ಮಾನವ ಹಕ್ಕು ಆಯೋಗಕ್ಕೂ ಒಂದೇ ವರ್ಷ.

ಈಗ ಬರುವವರು ಒಂದು ಗಮನಿಸಿ. ನಾನು ಹೇಳಿದ್ದು ಹಳೇ ಕಾಯ್ದೆಯ ಕೇಸು. 2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂದಿದೆ. ಮೂರು ವರ್ಷ ಇದ್ದದ್ದು ಎರಡಾಗಿದೆ. ಸಂಧಾನ ಮುರಿದ ವರದಿ ಕೈಗೆ ಬಂದ ಮೇಲೆ ಕೈಗಾರಿಕಾ ನ್ಯಾಯಮಂಡಳಿಗೆ ಹೋಗಲು 90 ದಿನ. ಆ ವರದಿ ಬಂದ ಲಕೋಟೆಯನ್ನೂ ಎಸೆಯಬೇಡಿ. ಅಂಚೆಯ ಮೊಹರು ಅದರ ಮೇಲಿರುತ್ತದೆ.